ಹಿತ್ತಿಲ ಬಾಗಿಲಿಗೆ ಕಾರಿನಲ್ಲಿ

ನನ್ನ ಸಿಟ್ಟು ಕಾರು ಹೊರಡುವ ಮೊದಲೇ ಶುರುವಾಗಿತ್ತು. ಭಾನುವಾರ ಆರಾಮಾಗಿ ಸುತ್ತಾಡಿಕೊಂಡು ಬರೋಣ ಎಂದು ಕಾಪುವಿನ ನಮ್ಮ ಮನೆಯೆದುರು ಕಾರು ತಂದು ನಿಲ್ಲಿಸಿದರೆ, ಅಮ್ಮ ಹಿಂದಿನ ಸೀಟಿನ ತುದಿಯಲ್ಲಿ ಮುದುಡಿ ಕೂತಳು. ಮುಂದೆ ಬಾ ಎಂದರೆ ಕೇಳಲಿಲ್ಲ. ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ಬಂದವಳು. "ವಾಸನೆ, ಹಿಂದೆ ಹೋಗು" ಎಂದು ಕಂಡಕ್ಟರುಗಳು ಅಟ್ಟಿ ಅಟ್ಟಿ ಆದ ಅಭ್ಯಾಸ ಅದು. ಎಂಥ ಜನ! ಮಧ್ಯಾಹ್ನ ಅನ್ನಕ್ಕೆ ಬಂಗುಡೆ ಸಾರು ಆಗುತ್ತಿತ್ತು, ಹೊತ್ತು ತಂದವಳು ಮಾತ್ರ ಆಗುತ್ತಿರಲಿಲ್ಲ.

ಮೊಣಕಾಲು ಕೈಕೊಟ್ಟು ಅಮ್ಮ ವ್ಯಾಪಾರ ಬಿಟ್ಟು ಎಂಟು ವರ್ಷವಾಗಿತ್ತು. ಅವಳಿಗೆ ಇದ್ದ ಆಸೆ ಒಂದೇ. ಕಾರ್ಕಳದಲ್ಲಿ ಅವಳು ದಿನಾ ಮೀನು ಕೊಡುತ್ತಿದ್ದ ಮನೆಯ ಹೆಂಗಸನ್ನು ನೋಡಬೇಕು. "ಇಬ್ಬರಲ್ಲಿ ಯಾರು ಮೊದಲು ಹೋಗ್ತೇವೋ" ಎನ್ನುತ್ತಿದ್ದಳು. ನನ್ನ ಲೆಕ್ಕಾಚಾರ ಬೇರೆ ಇತ್ತು. ಹಿತ್ತಿಲಲ್ಲೇ ನಿಂತು ಮೀನು ಕೊಟ್ಟು ಬಂದ ಅಮ್ಮ ಒಮ್ಮೆಯಾದರೂ ಆ ಮನೆಯ ಮುಂದಿನ ಬಾಗಿಲಿನಿಂದ ಒಳಗೆ ಹೋಗಿ ಕುರ್ಚಿಯಲ್ಲಿ ಕೂರಬೇಕು. ಅದಕ್ಕೆಂದೇ ರೇಷ್ಮೆ ಸೀರೆ ಉಡಿಸಿದ್ದೆ.

ಉಡುಪಿ ದಾಟಿದೆವು. ಮಣಿಪಾಲದಲ್ಲಿ ಗಾಜಿನ ಗೋಡೆಯ ಹೋಟೆಲಿಗೆ ಕರೆದುಕೊಂಡು ಹೋದರೆ ಅಮ್ಮ ಕಾಫಿ ಅರ್ಧಕ್ಕೇ ಬಿಟ್ಟಳು. "ಬೇಗ ಹೋಗುವ ಮಾರಾಯ್ತಿ, ಅವಳು ಊಟ ಮಾಡಿದರೆ ಮಲಗ್ತಾಳೆ." ಹಿರಿಯಡ್ಕದಲ್ಲಿ ಇಳಿದು ಅವಳೇ ಆರಿಸಿ ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡಳು.

ಕಾರ್ಕಳದ ಆ ಮನೆಯೆದುರು ಅಮ್ಮನನ್ನು ಇಳಿಸಿ, ಕಾರನ್ನು ನೆರಳಿಗೆ ಹಾಕಿ ಬರುವಷ್ಟರಲ್ಲಿ ಅವಳು ಮಾಯ. ಎಲ್ಲಿಗೆ ಹೋಗಿರುತ್ತಾಳೆ? ಹಿತ್ತಿಲಿಗೆ! ಬಿರುಬಿರನೆ ಹೋಗಿ ನೋಡಿದರೆ, ರೇಷ್ಮೆ ಸೀರೆಯಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾಳೆ. ಆ ಹೆಂಗಸು ಅಡಿಗೆಮನೆಯ ಮೆಟ್ಟಿಲ ಮೇಲೆ.

"ಎಂಟು ವರ್ಷ ಎಲ್ಲಿ ಸತ್ತಿದ್ದೆ ನೀನು?" ಎಂದು ಅವರು ಕೇಳುತ್ತಿದ್ದರು.

"ನಿನ್ನನ್ನು ಕಳಿಸದೆ ನಾನು ಹೇಗೆ ಸಾಯುವುದು?" ಅಮ್ಮ ತೊಡೆ ತಟ್ಟಿಕೊಂಡು ನಗುತ್ತಿದ್ದಳು.

ನನಗೆ ಮೈಯೆಲ್ಲ ಉರಿಯಿತು. "ನಮ್ಮಮ್ಮನಿಗೆ ಕೂರಲಿಕ್ಕೆ ಒಂದು ಕುರ್ಚಿ ಇಲ್ವಾ ನಿಮ್ಮ ಮನೆಯಲ್ಲಿ? ಮೂವತ್ತು ವರ್ಷ ಹಿತ್ತಿಲಲ್ಲಿ ನಿಲ್ಲಿಸಿದ್ದು ಸಾಕಾಗಲಿಲ್ವಾ?"

ಆ ಹೆಂಗಸಿನ ಮುಖ ಇಷ್ಟೇ ಇಷ್ಟಾಯಿತು. "ತಪ್ಪಾಯ್ತು ಮಗಾ" ಎಂದು ಗೋಡೆ ಹಿಡಿದು ಎದ್ದರು. ನಮ್ಮನ್ನು ಮುಂದಿನ ಬಾಗಿಲಿನಿಂದ ಒಳಗೆ ಕರೆದು, ಕುರ್ಚಿ ಒರೆಸಿ ಹಾಕಿ, ಕಪ್-ಬಸಿಯಲ್ಲಿ ಚಾ ತಂದರು. "ತಕ್ಕೊಳ್ಳಿ" ಎಂದರು ಅಮ್ಮನಿಗೆ. ಅಮ್ಮ ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡಿದಳು.

"ಆರೋಗ್ಯ ಹೇಗುಂಟು?"

"ಅಡ್ಡಿಲ್ಲ."

ಚಾ ಮುಗಿಯಿತು, ಎದ್ದೆವು. ಸುಳ್ಳೇಕೆ ಹೇಳಲಿ, ಗೇಟಿನವರೆಗೂ ನಾನು ಗೆದ್ದವಳ ಹಾಗೆ ನಡೆದೆ.

ವಾಪಸು ಬೆಳ್ಮಣ್ಣಿನ ದಾರಿ ಹಿಡಿದೆವು. ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ಕಾಣುವಾಗಲೂ ಅಮ್ಮ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. "ಎಂತ ಆಯ್ತು ಈಗ? ನಾನು ಕೇಳಿದ್ದು ಅನ್ಯಾಯವಾ?" ಅನ್ಯಾಯವೆಂದು ಇವತ್ತಿಗೂ ನಾನು ಒಪ್ಪುವುದಿಲ್ಲ.

"ಅನ್ಯಾಯ ಅಲ್ಲ" ಎಂದಳು ಅಮ್ಮ. "ನಿನ್ನ ಅಪ್ಪ ಸಮುದ್ರದಿಂದ ಬಾರದ ವರ್ಷ ನಾನು ಅತ್ತದ್ದು ಆ ಕಲ್ಲಿನ ಮೇಲೆ. ಮನೆಯಲ್ಲಿ ಅತ್ತರೆ ನೀವು ಮಕ್ಕಳು ಹೆದರ್ತಿದ್ದಿರಿ. ಅವಳು ನನ್ನ ಬುಟ್ಟಿ ಇಳಿಸಿ ಹತ್ತಿರ ಕೂರ್ತಿದ್ದಳು, ಅಷ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನು ನಾನು ಅಲ್ಲಿಗೆ ಹೋದರೆ ಅವಳು ಕುರ್ಚಿ ಹಾಕ್ತಾಳೆ."