ಅರ್ಧ ಬೆಲ್ಲಿನ ಸೈಕಲ್ಲು

ಯಾರಾದರೂ ದೆವ್ವ ಕಂಡೆ ಎಂದರೆ, ಊಟಕ್ಕೆ ಏನು ತಿಂದಿದ್ದೆ ಎಂದು ಕೇಳುವ ಜಾತಿ ನನ್ನದು. ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ.

ನಾನು ಮುತ್ತಿನಕೊಪ್ಪದ ಕಡೆ ಅಂಚೆ ಹಂಚುವವನು. ಎರಡು ವರ್ಷದ ಹಿಂದೆ ಎಡಗಾಲಿನ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೆ ಮೂರು ತಿಂಗಳು ನರಸಿಂಹರಾಜಪುರದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಮಾತ್ರೆ, ಬಿಗಿಯಾದ ಕಾಲುಚೀಲ, ಒಂದು ಕಿಟಕಿ, ಅಷ್ಟೇ. ಬೇರೆಯವರು ಬಾರದಿದ್ದುದಕ್ಕೆ ಬೇಸರವಿರಲಿಲ್ಲ. ಇಬ್ರಾಹಿಂ ಬರಲಿಲ್ಲವಲ್ಲ ಎಂದು ಮಾತ್ರ ಸಂಕಟವಾಗುತ್ತಿತ್ತು. ನಾನು ಅಂಚೆ ಹಂಚುವ ರಸ್ತೆಯ ತಿರುವಿನಲ್ಲಿ ಟೈಲರ್ ಅಂಗಡಿ ಇಟ್ಟಿರುವ ಅವನ ಫ್ಲಾಸ್ಕಿನ ಚಹಾವನ್ನು ಹನ್ನೆರಡು ವರ್ಷ ದಿನಾ ಕುಡಿದಿದ್ದೆ. ಒಂದು ಫೋನೂ ಇಲ್ಲ. ನಾನೇ ಮಾಡಬಹುದಿತ್ತು, ಹಟ ಬಿಡಲಿಲ್ಲ.

ಕೆಲಸಕ್ಕೆ ಮರಳಿದ ದಿನ ಅಂಚೆ ಕಚೇರಿಯ ಹಿಂದಿನ ಕೋಣೆಯಿಂದ ಸೈಕಲ್ ತೆಗೆದೆ. ಅದರ ಬೀಗದ ಕೈ ಅಷ್ಟು ದಿನವೂ ನನ್ನ ದಿಂಬಿನ ಕೆಳಗಿತ್ತು. ಎರಡೂ ಚಕ್ರದಲ್ಲಿ ಗಾಳಿಯಿಲ್ಲ, ಬೆಲ್ಲಿನ ಮೇಲೆ ಜೇಡ ಬಲೆ ಕಟ್ಟಿತ್ತು. ಒಳಗಿನ ಸ್ಪ್ರಿಂಗ್ ಮುರಿದು ಆ ಬೆಲ್ ‘ಟ್ರಿ’ ಎಂದು ಅರ್ಧಕ್ಕೇ ನಿಲ್ಲುತ್ತದೆ. ಆ ಕಡೆ ಅಂಥ ಬೆಲ್ ಇನ್ನೊಂದಿಲ್ಲ.

ಹನ್ನೊಂದು ಗಂಟೆಗೆ ತಿರುವಿನಲ್ಲಿ ಬೆಲ್ ಹೊಡೆದು ಇಳಿದೆ. ಇಬ್ರಾಹಿಂ ಯಾವತ್ತಿನಂತೆ ರಸ್ತೆಗೆ ಬೆನ್ನು ಹಾಕಿ ಹೊಲಿಯುತ್ತಿದ್ದ. ತಿರುಗಲಿಲ್ಲ.

“ಅಂತೂ ಇವತ್ತು ನಿಲ್ಲೋಕೆ ಪುರುಸೊತ್ತಾಯ್ತಾ ಮಾರಾಯ?” ಎಂದ. “ಮೂರು ತಿಂಗಳು ಬೆಲ್ ಹೊಡ್ಕಂಡು ಹಂಗೇ ಹೋದೆ. ನಾ ತಿರುಗಿ ನೋಡೋದ್ರೊಳಗೆ ದಾಟಿರ್ತಿದ್ದೆ. ನಾ ಎಂತ ತಪ್ಪು ಮಾಡಿದ್ದೆ?”

ನಾನು ಅವನ ಮುಂದೆ ಹೋಗಿ ಪ್ಯಾಂಟ್ ಎತ್ತಿ ಕಾಲುಚೀಲ ತೋರಿಸಿದೆ, ಎಲ್ಲ ಹೇಳಿದೆ. ಅವನ ಮುಖ ಸಪ್ಪಗಾಯಿತು. ನಾನು ಹಾಸಿಗೆ ಹಿಡಿದಿದ್ದೇನೆಂದು ಯಾರೋ ಹೇಳಿದ್ದರಂತೆ. ಬೆಲ್ ಕೇಳುತ್ತಿರುವಾಗ ಅವನು ನಂಬುವುದಾದರೂ ಹೇಗೆ?

“ದಿನಾ ಕೇಳ್ತಿತ್ತಾ?”

“ಭಾನುವಾರ ಇಲ್ಲ,” ಎಂದ.

ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಇಬ್ಬರೂ ಕುಡಿದೆವು.

ಇಬ್ರಾಹಿಂ ಸುಳ್ಳು ಹೇಳುವವನಲ್ಲ. ನನ್ನ ಬದಲಿಗೆ ಬಂದವನು ಅಂಚೆ ಹಂಚಿದ್ದು ಬೈಕಿನಲ್ಲಿ. ಆ ದಾರಿಯಲ್ಲಿ ಕಂಡ ಸೈಕಲ್ಲುಗಳ ಬೆಲ್ಲನ್ನೆಲ್ಲ ನಾಚಿಕೆ ಬಿಟ್ಟು ಬಾರಿಸಿ ನೋಡಿದ್ದೇನೆ, ಯಾವುದೂ ಅರ್ಧಕ್ಕೆ ನಿಲ್ಲುವುದಿಲ್ಲ. ಕೋಣೆಯಲ್ಲಿ ಮಲಗಿ, ಹನ್ನೊಂದಾಯಿತೆಂದರೆ ಅವನ ಚಹಾ ನೆನೆಯುತ್ತಿದ್ದುದು ನಿಜ. ಆದರೆ ಹೋದದ್ದು ನಾನೇ ಆಗಿದ್ದರೆ, ಒಂದು ದಿನವಾದರೂ ಯಾಕೆ ನಿಲ್ಲಲಿಲ್ಲ?