ಹೋಗದ ಕರೆಂಟು ಬಂದದ್ದು ಹೇಗೆ?

"ಓಗ್ದೇ ಇರೋ ಕರೆಂಟು ಎಂಗ್ ಸಾ ವಾಪಸ್ ಬತ್ತದೆ?"

ಮದ್ದೂರಿನ ಒಂದು ಗ್ಯಾರೇಜಿನ ಮುಂದೆ ಅರ್ಧ ಕುಡಿದ ಟೀ ಹಿಡಿದು ನಿಂತಿದ್ದೆ. ಮೆಕ್ಯಾನಿಕ್ ನಯಾಜ್ ಗ್ರೀಸ್ ಮೆತ್ತಿದ ಬೆರಳಿನಲ್ಲಿ ನನ್ನ ಫೋನಿನ ಸ್ಕ್ರೀನ್ ಮೇಲೆ ಒಂದು ಸಾಲು ತೋರಿಸಿ ಈ ಪ್ರಶ್ನೆ ಕೇಳಿದ. ಸಾಲನ್ನು ಓದಿದೆ. ಅದರ ಮೇಲಿನ ಸಾಲು ಓದಿದೆ. ಮತ್ತೆ ಕೆಳಗಿನದು ಓದಿದೆ. ಉಳಿದ ಅರ್ಧ ಟೀ ಚೆಲ್ಲಿದೆ.

ಈ ಅಂಕಣ ಓದುವವರಿಗೆ ನನ್ನ ಗುಣ ಗೊತ್ತು. ವಾರಕ್ಕೊಬ್ಬರನ್ನು ಹಿಡಿದು ಕಿಚಾಯಿಸುತ್ತೇನೆ, ನೀವು ನಗುತ್ತೀರಿ. ಈ ವಾರ ಸಿಕ್ಕಿಬಿದ್ದವನು ನಾನೇ. ನಗು ಬರುತ್ತದೆ ಅಂತ ಮಾತ್ರ ಭರವಸೆ ಕೊಡಲಾರೆ.

ಹೊಟ್ಟೆಪಾಡಿಗೆ ನಾನು ಮಂಡ್ಯದ ಮನೆಯಲ್ಲಿ ಕೂತು ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತೇನೆ (ಅಂಕಣದಿಂದಲೇ ಸಂಸಾರ ನಡೆಯುತ್ತದೆ ಎಂದುಕೊಂಡಿದ್ದವರಿಗೆ ದೊಡ್ಡ ನಮಸ್ಕಾರ). ಸೋಮನಹಳ್ಳಿ ಹತ್ತಿರ ಹೈವೇ ಪಕ್ಕ ಒಂದು ಸಣ್ಣ ಖಾಸಗಿ ಹಾಲಿನ ಕಂಪನಿ ಇದೆ. ಕೊಪ್ಪ, ಬೆಳಕವಾಡಿ ಅಂತ ಏಳೆಂಟು ಊರುಗಳಲ್ಲಿ ಅವರ ಹಾಲು ತಣ್ಣಗಿಡುವ ಟ್ಯಾಂಕುಗಳಿವೆ. ಒಂದೊಂದು ಟ್ಯಾಂಕಿಗೂ ಬ್ಯಾಟರಿಯಲ್ಲಿ ಓಡುವ ಒಂದೊಂದು ಡಬ್ಬಿ ಕೂರಿಸಿದ್ದೇವೆ. ನಡೆದದ್ದನ್ನೆಲ್ಲ ಆ ಡಬ್ಬಿ ಮೆಸೇಜ್ ಮಾಡಿ ಕಳಿಸುತ್ತದೆ. ಕರೆಂಟ್ ಹೋಯಿತು, ಕರೆಂಟ್ ಬಂತು, ಮುಚ್ಚಳ ತೆಗೆದರು, ಕೆಂಪು ಗುಂಡಿ ಒತ್ತಿದರು. ಅಷ್ಟೇ, ಹೆಚ್ಚು ಮಾತಿಲ್ಲ.

ಎಲ್ಲ ಊರಿನ ಮೆಸೇಜುಗಳೂ ಬಂದು ಒಂದು ಕ್ಯೂನಲ್ಲಿ ನಿಲ್ಲುತ್ತವೆ. ನನ್ನ ಪ್ರೋಗ್ರಾಂ ಅವುಗಳನ್ನು ಒಂದೊಂದಾಗಿ ಕರೆದು, ಟೈಮ್ ಹಾಕಿ, ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಕೆಂಪು ಗುಂಡಿ ಅಂದರೆ "ತೊಂದರೆ ಆಗಿದೆ, ಬನ್ನಿ" ಅಂತ. ಅದು ಲಾಗಿಗೆ ಬಿದ್ದ ಕೂಡಲೇ ನಯಾಜನ ಫೋನ್ ಹೊಡೆದುಕೊಳ್ಳುತ್ತದೆ. ಅವನು ಸ್ಪ್ಯಾನರ್ ಚೀಲ ಎತ್ತಿಕೊಂಡು ಬೈಕ್ ಹತ್ತುತ್ತಾನೆ.

ಡಬ್ಬಿ ಕೂರಿಸುವಾಗ ಊರೂರಿಗೆ ಹೋಗಿ ಭಾಷಣ ಬೇರೆ ಮಾಡಿದ್ದೆ. "ಏನೇ ಆಗಲಿ, ಫೋನ್ ಮಾಡಬೇಡಿ. ಗುಂಡಿ ಒತ್ತಿ ಸಾಕು. ಎಲ್ಲ ರೆಕಾರ್ಡ್ ಆಗುತ್ತೆ." ಎಲ್ಲರೂ ತಲೆ ಆಡಿಸಿದರು. ಪ್ರಶ್ನೆ ಕೇಳಿದವರು ಒಬ್ಬರೇ, ಬೆಳಕವಾಡಿಯ ಪುಟ್ಟತಾಯಮ್ಮ.

"ಒತ್ತುದ್ರೆ ಅಲ್ಲಿಗೆ ಓಯ್ತು ಅಂತ ನಮ್ಗೆಂಗಪ್ಪಾ ಗೊತ್ತಾಗೋದು?"

"ಡಬ್ಬಿ ಮೇಲೆ ಲೈಟ್ ಮಿಣುಕುತ್ತೆ ಅಮ್ಮ. ಮಿಣುಕಿದರೆ ತಲುಪಿತು ಅಂತ ತಿಳ್ಕೊಳ್ಳಿ."

ಪುಟ್ಟತಾಯಮ್ಮನಿಗೆ ಐವತ್ತು ದಾಟಿದೆ. ಬೆಳಕವಾಡಿಯ ಟ್ಯಾಂಕು ಆರು ವರ್ಷದಿಂದ ಅವರದೇ ಉಸ್ತುವಾರಿ. ಬೆಳಗ್ಗೆ ಹಾಲು ಅಳೆದು ಹಾಕಿಕೊಳ್ಳುವುದು, ಸಂಜೆ ಲಾರಿಗೆ ತುಂಬಿಸುವುದು, ಟ್ಯಾಂಕು ತೊಳೆಯುವುದು ಎಲ್ಲ ಅವರೇ. ಅವರು ತೊಳೆದ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಅಂತ ನಯಾಜ್ ಹೇಳುತ್ತಿರುತ್ತಾನೆ.

ಈ ಬೇಸಿಗೆಯ ಒಂದು ಭಾನುವಾರ ಬೆಳಗ್ಗೆ, ಟ್ಯಾಂಕು ತುಂಬಿ ಇನ್ನೂ ಹಾಲು ತಣ್ಣಗಾಗಿರಲಿಲ್ಲ, ಬೆಳಕವಾಡಿಯಲ್ಲಿ ಕರೆಂಟ್ ಹೋಯಿತು. ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಪುಟ್ಟತಾಯಮ್ಮ ಗುಂಡಿ ಒತ್ತಿದರು. ಲೈಟ್ ಮಿಣುಕಿತು. ಕಾದರು. ಯಾರೂ ಬರಲಿಲ್ಲ. ಇನ್ನೊಮ್ಮೆ ಒತ್ತಿದರು, ಕಾದರು. ಮತ್ತೊಮ್ಮೆ ಒತ್ತಿದರು. ಫೋನ್ ಮಾಡಬೇಡಿ ಅಂತ ನಾನು ಹೇಳಿದ್ದೆನಲ್ಲ, ಹಾಗಾಗಿ ಮಾಡಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ತಡೆಯಲಾರದೆ ಯಾರಿಂದಲೋ ನಯಾಜನ ನಂಬರ್ ಇಸಿದುಕೊಂಡು ಕರೆದರು. ಅವನು ಬಂದು ಇಳಿಯುವ ಹೊತ್ತಿಗೆ ಕರೆಂಟೂ ಬಂದಿತ್ತು, ಹಾಲೂ ಒಡೆದಿತ್ತು. ಇಡೀ ಟ್ಯಾಂಕನ್ನು ಮೋರಿಗೆ ಚೆಲ್ಲಿದರು.

ಮಾರನೇ ದಿನ ಸೋಮನಹಳ್ಳಿಯ ಆಫೀಸಿನಲ್ಲಿ ಪಂಚಾಯ್ತಿ. ಮಾಲೀಕರು, ಹಾಲು ಹಾಕುವ ಊರಿನ ಏಳೆಂಟು ಜನ, ನಯಾಜ್, ಪುಟ್ಟತಾಯಮ್ಮ, ಜೊತೆಗೆ ಲ್ಯಾಪ್‌ಟಾಪ್ ಸಮೇತ ನಾನು. ಲಾಗ್ ತೆಗೆದೆ. "ಗುಂಡಿ" ಅಂತ ಹುಡುಕಿದೆ. ಭಾನುವಾರ ಬೆಳಕವಾಡಿಯಿಂದ ಒಂದೂ ಇಲ್ಲ. ಲ್ಯಾಪ್‌ಟಾಪನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದೆ.

"ಮೂರ್ ಸಲ ಒತ್ತಿವ್ನಿ ಕಣಪ್ಪ. ಮೂರ್ ಸಲಾನೂ ಲೈಟ್ ಮಿಣುಕ್ತು," ಎಂದರು ಪುಟ್ಟತಾಯಮ್ಮ.

"ಅಮ್ಮಾ, ಮನುಷ್ಯರು ಮರೀಬಹುದು. ಲಾಗ್ ಮರೆಯಲ್ಲ," ಎಂದೆ ನಾನು.

(ಡೈಲಾಗ್ ಹೇಗಿದೆ? ಆವತ್ತು ನನಗೂ ಬಹಳ ಹಿಡಿಸಿತ್ತು.)

"ಆಯಮ್ಮ ಸುಳ್ ಯೋಳೋರಲ್ಲ ಸಾ," ಅಂತ ನಯಾಜ್ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒತ್ತದೆಯೇ ನಿದ್ದೆ ಹೊಡೆದಿದ್ದಾಳೆ, ಹಾಲು ಒಡೆದ ಮೇಲೆ ಎಚ್ಚರವಾಗಿದೆ ಅಂತ ಎಲ್ಲರೂ ಕಥೆ ಜೋಡಿಸಿಕೊಂಡರು. ಜೋಡಿಸಿ ಕೊಟ್ಟವನು ನಾನು.

ಪುಟ್ಟತಾಯಮ್ಮ ಅಳಲಿಲ್ಲ, ಕಿರುಚಲಿಲ್ಲ. "ಅಂಗಾರೆ ಬಸವಪ್ಪನ ತಾವ್ಕೆ ಬತ್ತೀನಿ. ನೀವೂ ಬನ್ನಿ, ಕೇಳವಾ," ಎಂದರು. ನಮ್ಮ ಕಡೆ ದೇವರ ಬಸವನ ಮುಂದೆ ನಿಂತು ನಿಜ ಸುಳ್ಳು ಕೇಳುವುದುಂಟು. ಬಸವಪ್ಪ ಕಾಲೆತ್ತಿ ಅಂಗೈ ಮೇಲೆ ಪಾದ ಇಟ್ಟರೆ ಮಾತು ನಿಜ. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಮಾಲೀಕರು ಪುಟ್ಟತಾಯಮ್ಮನಿಗೆ, ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಅಂದರು.

ನಾವು ಯಾರೂ ಹೋಗಲಿಲ್ಲ. ಅವರು ಊರಿನವರನ್ನು ಕರೆದುಕೊಂಡು ಹೋದರು. ಬಸವಪ್ಪ ಪಾದ ಕೊಟ್ಟ ಅಂತ ಸುದ್ದಿ ಬಂತು.

ಅಂಕಣಕಾರನಿಗೆ ಇದಕ್ಕಿಂತ ಇನ್ನೇನು ಬೇಕು? ಅದೇ ವಾರ, ಇದೇ ಜಾಗದಲ್ಲಿ ಬರೆದೆ. ನಿಮಗೆ ನೆನಪಿರಬೇಕು. ಒಂದು ಕಡೆ ಸೆಕೆಂಡು ಸೆಕೆಂಡಿಗೆ ಲೆಕ್ಕ ಇಡುವ ಕಂಪ್ಯೂಟರ್, ಇನ್ನೊಂದು ಕಡೆ ಬೂಸ ತಿನ್ನುವ ಸಾಕ್ಷಿ. ಪಾಟೀಸವಾಲು ಮಾಡುವ ವಕೀಲರು ಹುಲ್ಲಿನ ಹೊರೆ ತರಬೇಕೇ ಅಂತೆಲ್ಲ ಕೇಳಿದ್ದೆ. ಹೆಸರು, ಊರು ಹಾಕಿರಲಿಲ್ಲ. ಹಾಲು, ಟ್ಯಾಂಕು, ಹೆಂಗಸು ಎಲ್ಲ ಇತ್ತು. ಬಹಳ ಜನ ಫಾರ್ವರ್ಡ್ ಮಾಡಿದಿರಿ. ಬಹಳ ದಿನದ ಮೇಲೆ ಒಳ್ಳೆ ಬರಹ ಅಂತ ಒಬ್ಬರು ಫೋನ್ ಕೂಡ ಮಾಡಿದ್ದರು.

ಅದಾದ ಮುಂದಿನ ವಾರ ಮದ್ದೂರಿನಲ್ಲಿ ನಯಾಜ್ ಸಿಕ್ಕಿದ. ಆಯಮ್ಮ ಒತ್ತವ್ರೆ ಅಂತ ಮತ್ತೆ ಶುರು ಮಾಡಿದ. ಇವನ ಬಾಯಿ ಮುಚ್ಚಿಸಬೇಕು ಅಂತಲೇ ಫೋನಿನಲ್ಲಿ ಆ ಭಾನುವಾರದ ಲಾಗ್ ತೆಗೆದು ಕೊಟ್ಟೆ. ನಾನು "ಗುಂಡಿ" ಎಂಬ ಒಂದು ಪದ ಹುಡುಕಿದ್ದೆ. ಅವನು ಮೇಲಿಂದ ಕೆಳಗೆ ಓದಿದ. ಬೆಳಗ್ಗೆ: ಮುಚ್ಚಳ ತೆಗೆದರು, ಮುಚ್ಚಳ ಹಾಕಿದರು. ಆಮೇಲೆ ನೇರ ಮಧ್ಯಾಹ್ನ ಮೂರಕ್ಕೆ: ಕರೆಂಟ್ ಬಂತು.

ಬಂತು, ಸರಿ. ಹೋದದ್ದು ಯಾವಾಗ? ಹೋಯಿತು ಅನ್ನುವ ಸಾಲೇ ಇಲ್ಲ! ಇಡೀ ಬೆಳಕವಾಡಿ ನೋಡಿದ ಕರೆಂಟ್ ಕಟ್ಟನ್ನೇ ಬರೆಯದ ಲಾಗು, ಪುಟ್ಟತಾಯಮ್ಮನ ಬೆರಳಿನ ವಿರುದ್ಧ ಸಾಕ್ಷಿ ಹೇಳಿತ್ತು.

ಮನೆಗೆ ಬಂದು ಪ್ರೋಗ್ರಾಂ ತೆರೆದೆ. ಹುಡುಕಲು ಅರ್ಧ ಗಂಟೆ ಕೂಡ ಹಿಡಿಯಲಿಲ್ಲ. ಕ್ಯೂ ಎಂಬುದು ಮೆಸೇಜನ್ನು ಕೈಗೆ ಕೊಟ್ಟು, "ತಲುಪಿತಾ?" ಅಂತ ಕೇಳುತ್ತದೆ. ತಲುಪಿತು ಅಂದರೆ ತನ್ನಲ್ಲಿರುವುದನ್ನು ಅಳಿಸಿಹಾಕುತ್ತದೆ. ಲಾಗಿನಲ್ಲಿ ಬರೆದಾದ ಮೇಲೆ ತಾನೇ "ತಲುಪಿತು" ಅನ್ನಬೇಕು? ನನ್ನ ಪ್ರೋಗ್ರಾಂ ಕೈಗೆ ಬಂದ ತಕ್ಷಣ ಅನ್ನುತ್ತಿತ್ತು, ಡಬ್ಬಿಯ ಲೈಟೂ ಆಗಲೇ ಮಿಣುಕುತ್ತಿತ್ತು. ರಿಜಿಸ್ಟರ್ ಪೋಸ್ಟಿಗೆ ಸಹಿ ಹಾಕಿ, ಕಾಗದ ಓದದೆ ಜೇಬಿಗೆ ಹಾಕಿ, ಅಂಗಿಯನ್ನು ಒಗೆಯಲು ಹಾಕುವ ಜನ ಇಲ್ಲವೇ, ಹಾಗೆ.

ಜೊತೆಗೆ ಇನ್ನೊಂದು ಬುದ್ಧಿವಂತಿಕೆ. ಒಂದೊಂದೇ ಬರೆದರೆ ನಿಧಾನ ಅಂತ, ಐವತ್ತು ಸೇರಿದ ಮೇಲೆ ಒಟ್ಟಿಗೆ ಬರೆಯಲಿ ಎಂದು ಮಾಡಿದ್ದೆ. ಬೆಳಗ್ಗೆ ಹಾಲು ಅಳೆಯುವ ಹೊತ್ತಲ್ಲಿ ಐವತ್ತು ಬೇಗ ಸೇರುತ್ತದೆ. ಅಳತೆ ಮುಗಿದ ಮೇಲೆ ಎಲ್ಲ ಊರೂ ತಣ್ಣಗೆ. ಕರೆಂಟ್ ಹೋದ ಮೆಸೇಜೂ, ಪುಟ್ಟತಾಯಮ್ಮನ ಮೂರು ಮೆಸೇಜೂ ಉಳಿದ ನಲವತ್ತು ಚಿಲ್ಲರೆಗೆ ಕಾಯುತ್ತಾ ನನ್ನ ಪ್ರೋಗ್ರಾಮಿನ ಜೇಬಲ್ಲಿ ಕೂತಿದ್ದವು. ನಾನು ಟೆಸ್ಟ್ ಮಾಡಿದ್ದು ಸಾವಿರ ಮೆಸೇಜು ಒಟ್ಟಿಗೆ ಸುರಿದು. ಖಾಲಿ ಮಧ್ಯಾಹ್ನವೊಂದು ಇರುತ್ತದೆ ಅಂತ ಹೊಳೆದಿರಲೇ ಇಲ್ಲ.

ಸರಿ, ತಡವಾಗಿಯಾದರೂ ಲಾಗಿಗೆ ಬೀಳಬೇಕಿತ್ತಲ್ಲ? ಆ ಭಾನುವಾರ ನಾನು ಮಳವಳ್ಳಿಯಲ್ಲಿ ಬೀಗರ ಊಟಕ್ಕೆ ಹೋಗಿದ್ದೆ. ಮಂಡ್ಯ ಸೀಮೆಯವನು ಏನನ್ನಾದರೂ ತಪ್ಪಿಸಿಕೊಂಡಾನು, ಬಾಡೂಟ ತಪ್ಪಿಸಿಕೊಳ್ಳಲಾರ. ಉಣ್ಣುತ್ತಿದ್ದವರ ಕುರ್ಚಿಯ ಬೆನ್ನು ಹಿಡಿದು ಮುಂದಿನ ಪಂಕ್ತಿಗೆ ಕಾಯುತ್ತಿದ್ದಾಗ ಮಾಲೀಕರ ಫೋನ್ ಬಂತು. ರಿಪೋರ್ಟಿನ ಮೇಲೆ ಕಂಪನಿಯ ಲೋಗೋ ದೊಡ್ಡದಾಗಿ ಕಾಣಬೇಕಂತೆ. ನಿಂತಲ್ಲೇ ಫೋನಿನಿಂದ ಬದಲಾಯಿಸಿದೆ, ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದೆ. ನಿಲ್ಲಿಸಿದಾಗ ಜೇಬಲ್ಲಿ ಇದ್ದದ್ದೆಲ್ಲ ಹೋಯಿತು. ಕ್ಯೂ ಆಗಲೇ ಅಳಿಸಿಹಾಕಿತ್ತು. ಕುರ್ಚಿ ಖಾಲಿಯಾಯಿತು. ಕೂತು ಚೆನ್ನಾಗಿ ಉಂಡೆ. ಎರಡು ಸಲ ಬಡಿಸಿಕೊಂಡದ್ದೂ ನೆನಪಿದೆ, ನಾಚಿಕೆಗೆಟ್ಟ ಹೊಟ್ಟೆ.

ಹೆಂಡತಿಗೆ ತಪ್ಪನ್ನು ವಿವರಿಸಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಮನೇಲೂ ನೀವು ಹಂಗೇ ಅಲ್ವಾ? ನಾನು ಮಾತು ಮುಗಿಸೋದ್ರೊಳಗೆ ಹ್ಞೂಂ ಅಂತೀರ. ಒಳಗೆ ಒಂದಕ್ಷರ ಹೋಗಿರಲ್ಲ."

ನಿಜ. ಮತ್ತೆ ನಾನೊಬ್ಬನೇನಾ? ಮೆಸೇಜು ಓದುವ ಮೊದಲೇ ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಿಸುತ್ತೇವೆ. ಕಷ್ಟ ಹೇಳಿಕೊಳ್ಳಲು ಬಂದವರಿಗೆ "ಆಯ್ತು ಆಯ್ತು, ನೋಡೋಣ" ಎನ್ನುತ್ತೇವೆ. ಅವರು ಕೇಳಿಸಿಕೊಂಡರು ಅಂತ ನಂಬಿ ಹೋಗುತ್ತಾರೆ. ಇನ್ನೊಬ್ಬರ ಬಳಿ ಹೇಳುವುದನ್ನೂ ಬಿಡುತ್ತಾರೆ. ಕಿವುಡನಾದರೂ ವಾಸಿ, ಮೊದಲೇ ಗೊತ್ತಿರುತ್ತದೆ.

ತಪ್ಪು ಗೊತ್ತಾದ ದಿನವೇ ಓಡಿಹೋಗಿ ಹೇಳಿದೆ ಅಂತ ಬರೆಯಲು ಆಸೆ. ಇಲ್ಲ. ಪ್ರೋಗ್ರಾಂ ರಿಪೇರಿ ಮಾಡಿದೆ. "ಸಣ್ಣ ಅಪ್‌ಡೇಟ್" ಅಂತ ಮಾಲೀಕರಿಗೆ ಮೆಸೇಜ್ ಹಾಕಿದೆ. ಎಂಟು ದಿನ ಬಾಯಿ ಮುಚ್ಚಿಕೊಂಡು ಕೂತೆ. ಇರುವ ಗಿರಾಕಿ ಹೋದಾನು ಅಂತ ಭಯ, ಅದಕ್ಕಿಂತ ಆ ಲ್ಯಾಪ್‌ಟಾಪ್ ತಿರುಗಿಸಿದ ಗತ್ತು ನೆನೆದರೆ ಮೈ ಹಿಡಿಯಾಗುತ್ತಿತ್ತು. ನಯಾಜ್ ದಿನಾ ಒಂದು ಫೋನ್ ಮಾಡುತ್ತಿದ್ದ. "ಆಯಮ್ಮಂಗೆ ಯೋಳುದ್ರಾ ಸಾ?" ಅಷ್ಟೇ ಮಾತು. ಒಂಬತ್ತನೇ ದಿನ ಅವನ ಫೋನಿಗೆ ಹೆದರಿ ಬೆಳಕವಾಡಿಗೆ ಹೋದೆ.

ಪುಟ್ಟತಾಯಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ಯಾರದ್ದೋ ಮನೆಯ ಹುಣಸೆಹಣ್ಣು, ಈಗ ಅದೇ ಕೆಲಸ. ನೀರು ಕೊಟ್ಟರು. ಕೂತ್ಕೋ ಅನ್ನಲಿಲ್ಲ. ನಿಂತುಕೊಂಡೇ ಎಲ್ಲ ವಿವರಿಸಿದೆ. ಕ್ಯೂ, ಐವತ್ತು, ಬೀಗರ ಊಟ, ಎಲ್ಲ. ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಇದ್ನೆಲ್ಲ ನಂಗ್ಯಾಕಪ್ಪಾ ಯೋಳ್ತಿದ್ದೀಯೆ?" ಎಂದರು. "ನಾನ್ ಒತ್ತಿದ್ದು ನಂಗೊತ್ತಿಲ್ವಾ?"

ನೀರಿನ ಲೋಟ ಕೆಳಗಿಟ್ಟೆ. ಅವರೇ ಮುಂದುವರಿಸಿದರು.

"ಬಸವಪ್ಪ ಪಾದ ಕೊಟ್ಟಾಗ ಊರೋರೆಲ್ಲ ಸುಮ್ಕಾಗಿದ್ರು. ಆಲು ಓದ್ರೆ ಓಯ್ತು ಬುಡು, ಇವ್ಳು ಸುಳ್ಳಿ ಅಲ್ಲ ಅಂದಿದ್ರು. ನೀನ್ ಪೇಪರ್‌ನಾಗೆ ಬರುದ್ ಮ್ಯಾಲೆ ತಿರ್ಗಾ ಸುರುವಾಯ್ತು. ಅಂಗ್ಡಿ ತಾವ್ಕೆ ಓದ್ರೆ, ನಿದ್ದೆ ಆಯ್ತೇನಮ್ಮಿ ಅಂತ ಕೇಳ್ತಾರೆ."

"ಅದರಲ್ಲಿ ನಿಮ್ಮ ಹೆಸರು ಹಾಕಿರಲಿಲ್ಲ ಅಮ್ಮ."

"ನಮ್ಮೂರಲ್ಲಿ ಕಂಪ್ನಿ ಟ್ಯಾಂಕು ಎಷ್ಟವೆ?" ಎಂದರು. ಒಂದೇ ಅಂತ ನನಗೆ ಗೊತ್ತಿತ್ತು. ಅದರ ಡಬ್ಬಿ ಕೂರಿಸಿದವನೇ ನಾನು.

ಮಾಲೀಕರ ಹತ್ತಿರ ಮಾತಾಡುತ್ತೇನೆ ಎಂದೆ. ಮೊದಲ ಬಾರಿಗೆ ತಲೆ ಎತ್ತಿ ನೋಡಿದರು. "ಯಾರ್ ಮುಂದೆ ನನ್ನ ಸುಳ್ಳಿ ಮಾಡ್ದೆ, ಅವ್ರೆಲ್ಲರ ಮುಂದೆ ಯೋಳು. ಪೇಪರ್‌ನಾಗೆ ನಗಾಡುದ್ಯಲ್ಲ, ಪೇಪರ್‌ನಾಗೂ ಯೋಳು. ಈ ಸಲ ಎಸ್ರು ಆಕು."

ಮೊನ್ನೆ ಸೋಮನಹಳ್ಳಿಯ ಅದೇ ಆಫೀಸಿನಲ್ಲಿ, ಅದೇ ಜನರನ್ನು ಕರೆಸಿ ಹೇಳಿದೆ. ಊರಿನವರು ನನ್ನ ಮುಖ ನೋಡಿ ಎದ್ದು ಹೋದರು, ಬೈದಿದ್ದರೆ ಹಗುರಾಗುತ್ತಿತ್ತು. ಮಾಲೀಕರು ಮಾತ್ರ ಪಕ್ಕಕ್ಕೆ ಕರೆದು, "ಆಯ್ತಲ್ಲ ಬಿಡಿ, ಆ ಜಾಗಕ್ಕೆ ಬೇರೆಯವರು ಬಂದಾಗಿದೆ. ಪೇಪರಿಗೆಲ್ಲ ಯಾಕೆ ಎಳೀತೀರಿ?" ಅಂದರು. ಕೆಲಸ ವಾಪಸ್ ಕೊಡುವ ವಿಷಯಕ್ಕೆ "ನೋಡೋಣ" ಅಂದಿದ್ದಾರೆ. ಆ "ನೋಡೋಣ"ದ ಬೆಲೆ ನನಗೆ ಚೆನ್ನಾಗಿ ಗೊತ್ತಿರುವುದರಿಂದ ನಾಳೆ ಮತ್ತೆ ಹೋಗುತ್ತಿದ್ದೇನೆ.

ಬಸವಪ್ಪನಿಗೆ ನಿಜ ಗೊತ್ತಿತ್ತೋ ಇಲ್ಲವೋ ನಾನು ಅರಿಯೆ. ನನ್ನ ಲಾಗಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಬುದ್ಧಿ ನನಗೂ ಇರಲಿಲ್ಲ. ಆ ಹಿಂದಿನ ಬರಹವನ್ನು ಫಾರ್ವರ್ಡ್ ಮಾಡಿದ್ದವರು ದಯವಿಟ್ಟು ಇದನ್ನೂ ಅದೇ ಜನಕ್ಕೆ ಕಳಿಸಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಕೊನೆಯ ಒಂದು ಸಾಲು ಸಾಕು.

ಆ ಭಾನುವಾರ ಬೆಳಕವಾಡಿಯ ಪುಟ್ಟತಾಯಮ್ಮ ಮೂರು ಸಲ ಗುಂಡಿ ಒತ್ತಿದ್ದರು. ಸುಳ್ಳು ಹೇಳಿದವನು ನಾನು.