ಅತ್ತೆ ಹಿಡಿದ ಕೊಲೆಗಾರ

ಮೂರು ವರ್ಷ ಎಳೆದ ಪತ್ತೇದಾರಿ ಧಾರಾವಾಹಿಯನ್ನು ಕೊನೆಯ ಹತ್ತು ನಿಮಿಷದಲ್ಲಿ ಎಕ್ಕುಟ್ಟಿಸಿದ ಆ ಮಹಾನುಭಾವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಸಿಕ್ಕಿದ್ದರೆ ಅಟ್ಟ ಹತ್ತಿಸಿ ಏಣಿ ತೆಗೆದುಬಿಡುತ್ತಿದ್ದೆ.

ತೊಂಬತ್ತರ ದಶಕದ ಕೊನೆ. ತುರುವೇಕೆರೆ ಕಡೆಯ ನಮ್ಮೂರಿನಲ್ಲಿ ಭಾನುವಾರ ಸಂಜೆಯಾದರೆ ನಮ್ಮ ನಡುಮನೆ ಅಕ್ಕಪಕ್ಕದವರಿಂದ ತುಂಬಿರುತ್ತಿತ್ತು. ಧಾರಾವಾಹಿಯಲ್ಲಿ ತೆಂಗಿನ ತೋಟದ ಯಜಮಾನನೊಬ್ಬನ ಕೊಲೆಯಾಗಿತ್ತು. ಕೊಂದವರು ಯಾರೆಂದು ಮೊದಲು ಹೇಳಿದವಳು ನನ್ನ ಸೋದರತ್ತೆ. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದ್ದವಳು. ಮನೆಯ ಕೆಲಸವೆಲ್ಲ ಅವಳದೇ, ಅವಳ ಮಾತು ಮಾತ್ರ ಯಾರಿಗೂ ಬೇಡ.

ಒಂದು ಕಂತಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರು ಪೊಲೀಸರ ಮುಂದೆ, ಕೊಲೆಯಾದ ಹೊತ್ತಿನಲ್ಲಿ ತಾನು ಅಟ್ಟದ ಮೇಲಿದ್ದೆ, ಕೊಬ್ಬರಿಗೆಂದು ಹೋದ ವರ್ಷ ಹಾಕಿದ್ದ ಕಾಯಿ ಇಳಿಸುತ್ತಿದ್ದೆ ಎಂದ. ಸಾಕ್ಷಿಗೆ ಒಂದು ಕಾಯಿ ಒಡೆದೂ ತೋರಿಸಿದ. ನೀರು ಚಿಮ್ಮಿತು.

"ಸುಳ್ಳ! ಅವನೇ ಕಣೇ ಕೊಂದೋನು," ಎಂದು ಅತ್ತೆ ನನ್ನ ತೋಳು ಹಿಡಿದಳು. "ವರ್ಸ ಅಟ್ಟದಲ್ಲಿದ್ದ ಕಾಯಲ್ಲಿ ನೀರು ಎಲ್ಲಿಂದ ಬತ್ತದೆ? ಒಣಗಿ ಒಳಗೆ ಲೊಡಲೊಡ ಅನ್ಬೇಕು. ಅವನು ಅಟ್ಟ ಹತ್ತೇ ಇಲ್ಲ."

ನಡುಮನೆಯಲ್ಲಿದ್ದ ಇಷ್ಟು ಜನ ಕೊಬ್ಬರಿಯಲ್ಲೇ ಹುಟ್ಟಿ ಬೆಳೆದವರು, ಒಬ್ಬರಿಗೂ ಹೊಳೆದಿರಲಿಲ್ಲ. ಅಂದಿನಿಂದ ಅತ್ತೆಗೆ ಬೆಲೆ ಬಂತು. ಹೆಂಗಸರು ನಲ್ಲಿಯ ಹತ್ತಿರ ನಿಲ್ಲಿಸಿ, "ಈ ವಾರ ಏನಾಗ್ತದೆ ಹೇಳಕ್ಕಾ" ಎನ್ನುತ್ತಿದ್ದರು. ಅಪ್ಪನಂತೂ ಮನೆಗೆ ಸುಣ್ಣ ಹೊಡೆಸುವುದರಿಂದ ಹಿಡಿದು ನನಗೆ ಗಂಡು ನೋಡುವವರೆಗೆ "ನೀನೇನಂತೀಯಕ್ಕ?" ಎಂದು ಕೇಳತೊಡಗಿದ. ಅವಳ ನಡಿಗೆಯೇ ಬದಲಾಯಿತು.

ಕೊನೆಯ ಕಂತಿನ ದಿನ, ವಾರವಾರವೂ ಕೈಕೊಡುತ್ತಿದ್ದ ಕರೆಂಟು ಅವತ್ತೇ ಇರಬೇಕೆ! ಕೊಂದವನು ಸತ್ತವನ ಅವಳಿ ತಮ್ಮನಂತೆ. ಮೂರು ವರ್ಷ ಒಬ್ಬರೂ ಅವನ ಸುದ್ದಿ ಎತ್ತಿರಲಿಲ್ಲ. ಅದೇ ನಟನಿಗೆ ಮೀಸೆ ಅಂಟಿಸಿ ಕಾರಿನಿಂದ ಇಳಿಸಿದರು. ಮೀಸೆ ಒಂದು ಕಡೆ ಮೇಲೆದ್ದಿತ್ತು, ಅದನ್ನು ಒತ್ತುವಷ್ಟು ಮರ್ಯಾದೆಯೂ ಅವರಿಗಿರಲಿಲ್ಲ. ರೈಟರು ಅಪ್ಪಟ ಸಾಚಾ ಆಗಿಬಿಟ್ಟ. ಆ ಕಾಯಿಯ ನೀರು ಸುಳಿವೇ ಅಲ್ಲ. ಉಂಡೆ ಕೊಬ್ಬರಿ ಹೇಗಾಗುತ್ತದೆಂದು ಗೊತ್ತಿಲ್ಲದ ಪಟ್ಟಣದ ದಡ್ಡರು ಅಂಗಡಿಯಿಂದ ತಂದು ಒಡೆದ ಕಾಯಿ ಅದು, ಅಷ್ಟೇ. ಅವರ ಪೆದ್ದುತನವನ್ನು ಅತ್ತೆ ಜಾಣತನವೆಂದು ನಂಬಿದ್ದಳು. ಅವಳ ಬುದ್ಧಿಯಲ್ಲಿ ಕಾಲುಭಾಗ ಬರೆದವನಿಗಿದ್ದಿದ್ದರೂ ಕಥೆ ಉಳಿಯುತ್ತಿತ್ತು.

"ಏನಮ್ಮೋ, ನಿನ್ನ ಕಾಯಿಸಾಕ್ಷಿ ಬುರುಡೆ ಆಗೋಯ್ತಲ್ಲ!" ಎಂದ ಪಕ್ಕದ ಮನೆಯವನು. ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

"ಬರೆದೋರ್ಗೇ ಕೊಂದೋನು ಯಾರು ಅಂತ ಗೊತ್ತಿಲ್ಲ ಬುಡಿ," ಎಂದಳು ಅತ್ತೆ. ನಗು ಇನ್ನೂ ಜೋರಾಯಿತು.

ಮುಂದಿನ ಭಾನುವಾರ ಅದೇ ಹೊತ್ತಿಗೆ ಹೊಸ ಧಾರಾವಾಹಿ ಶುರುವಾಯಿತು. ಅತ್ತೆ ಬಂದು ಕೂತಳು.

"ನೀನು ನೋಡಿ ಇನ್ನೇನು ಕಂಡುಹಿಡೀಬೇಕಕ್ಕ?" ಎಂದ ಅಪ್ಪ. "ಹೋಗು, ಮುದ್ದೆಗೆ ಎಸರಿಡು."

ಅವಳು ಎದ್ದಳು. ನಾನು ಕಾಲು ಮಡಿಸಿ ದಾರಿ ಬಿಟ್ಟೆ, ಟಿವಿಯಿಂದ ಕಣ್ಣು ತೆಗೆಯದೆ.